ನಾಲೆಯ ಸಾವಿಗೆ ಹೊಣೆ ಯಾರು?

2018ರ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯದತ್ತ ಹೊರಟಿದ್ದ ಖಾಸಗಿ ಬಸ್ಸೊಂದು ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದೇ ರಾತ್ರಿ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ ತೀರಿಕೊಂಡರು. ನಾಡಿನ ಗಮನ ಅತ್ತ ಹೊರಳಿತು. ನಾಲೆಯ ದಂಡೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಈ ನಾಲೆ ಮಂಡ್ಯ ಸೀಮೆಯ ಅನ್ನದಾತ. ಇರ್ವಿನ್ ನಾಲೆ ಎಂಬ ಹೆಸರಿನಿಂದ ಆರಂಭವಾಗಿ, ಹುಲಿಕೆರೆಯ ಸುರಂಗ ದಾಟಿ ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರುಣಿಸುತ್ತದೆ. ಅದರ ಏರಿಯೇ ಹಲವೆಡೆ ಊರಿನ ರಸ್ತೆ. ಬಸ್ಸು ಬಿದ್ದ ಕಡೆ ತಡೆಗೋಡೆ ಇರಲಿಲ್ಲ.

ಅಲಕ್ಷ್ಯದಿಂದ ಸಾವು ತಂದವನನ್ನು ಶಿಕ್ಷಿಸುವ ಕಲಮು ಭಾರತೀಯ ದಂಡ ಸಂಹಿತೆಯಲ್ಲಿ ಮೊದಲಿಗೆ ಇರಲೇ ಇಲ್ಲವೆಂಬುದು ಕುತೂಹಲದ ಸಂಗತಿ. ಮೆಕಾಲೆಯ 1837ರ ಕರಡಿನಲ್ಲಿ ಅದಿತ್ತು; 1860ರ ಕಾಯಿದೆಯಲ್ಲಿ ಬಿಟ್ಟುಹೋಯಿತು. 1870ರ ತಿದ್ದುಪಡಿ ಅದನ್ನು 304ಎ ಎಂದು ಸೇರಿಸಿತು. ದುಡುಕು ಇಲ್ಲವೇ ಅಲಕ್ಷ್ಯದ ಕೃತ್ಯದಿಂದ ಸಾವು ಸಂಭವಿಸಿದರೆ ಗರಿಷ್ಠ 2 ವರ್ಷ ಸೆರೆ, ಅಥವಾ ದಂಡ, ಅಥವಾ ಎರಡೂ.

ಹೊಡೆತದಿಂದಾದ ಸಾವಿನ ಲೆಕ್ಕ ಬೇರೆ. ಅಲ್ಲಿ ನ್ಯಾಯಾಲಯ ನೋಡುವುದು ಹೊಡೆದವನ ಉದ್ದೇಶವನ್ನು, ಅವನಿಗಿದ್ದ ತಿಳಿವಳಿಕೆಯನ್ನು. ಆಗ್ರಾದಲ್ಲಿ ಫುಲ್ಲರ್ ಎಂಬ ಆಂಗ್ಲ ವಕೀಲನ ಏಟಿಗೆ ಅವನ ಕುದುರೆಯಾಳು ಗುಲ್ಮ ಒಡೆದು ಸತ್ತಾಗ ವಿಧಿಸಿದ್ದು 30 ರೂಪಾಯಿ ದಂಡ. ಊದಿದ ಗುಲ್ಮದ ವಿಷಯ ಹೊಡೆದವನಿಗೆ ತಿಳಿದಿರಲಿಲ್ಲ ಎಂಬ ವಾದ ಆ ಕಾಲದ ಬಿಳಿಯ ದೊರೆಗಳಿಗೆ ಬಲು ಅನುಕೂಲವಾಗಿತ್ತು. 1876ರಲ್ಲಿ ವೈಸ್‌ರಾಯ್ ಲಿಟ್ಟನ್ ಈ ತೀರ್ಪನ್ನು ಬಹಿರಂಗವಾಗಿ ಟೀಕಿಸಿದ. ಕಲ್ಕತ್ತೆಯ ಆಂಗ್ಲರು ಅವನ ಮೇಲೆಯೇ ಮುನಿದರು.

ಅಲಕ್ಷ್ಯದ ಪ್ರಕರಣಗಳಲ್ಲಿ ತೊಡಕು ಇನ್ನೊಂದು ಬಗೆಯದು. ಸಾವಿಗೆ ನೇರವಾದ, ಹತ್ತಿರದ ಕಾರಣ ಆರೋಪಿಯ ಕೃತ್ಯವೇ ಆಗಿರಬೇಕು, ನಡುವೆ ಬೇರೊಬ್ಬರ ಅಲಕ್ಷ್ಯ ಬರಬಾರದು ಎಂದು 1902ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜೆಂಕಿನ್ಸ್ ಹೇಳಿದರು. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟೂ 1960ರ ದಶಕದಲ್ಲಿ ಇದನ್ನೇ ಒಪ್ಪಿತು. ಬೊಂಬಾಯಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ತೆರೆದ ಒಲೆಯ ಮೇಲೆ ಬಣ್ಣ ಕಾಯಿಸುವಾಗ ಬೆಂಕಿಯೆದ್ದು ಏಳು ಕೆಲಸಗಾರರು ಸತ್ತಿದ್ದರು. ಒಲೆಗೆ ಅವಕಾಶ ಕೊಟ್ಟ ಮೇಲ್ವಿಚಾರಕ 304ಎ ಆರೋಪದಿಂದ ಬಿಡುಗಡೆಯಾದ. ಅವಸರದಲ್ಲಿ ಟರ್ಪಂಟೈನ್ ಸುರಿದ ಕೆಲಸಗಾರನ ಕೃತ್ಯವೇ ನೇರ ಕಾರಣವೆಂದಾಯಿತು. ಬೆಂಕಿಯ ಬಗ್ಗೆ ಅಜಾಗರೂಕತೆ ತೋರಿದ ಸಣ್ಣ ಅಪರಾಧವಷ್ಟೇ ಮೇಲ್ವಿಚಾರಕನ ಪಾಲಿಗೆ ಉಳಿಯಿತು.

ಈ ಅಳತೆಗೋಲನ್ನು ನಾಲೆಯ ಏರಿಗೆ ಹಿಡಿದರೆ ಫಲ ಊಹಿಸುವುದು ಕಷ್ಟವಲ್ಲ. ಸ್ಟೀರಿಂಗ್ ಹಿಡಿದಿದ್ದವನ ಕೈ ಕಣ್ಣಿಗೆ ಕಾಣುತ್ತದೆ. ಗೋಡೆ ಕಟ್ಟದೆ ವರ್ಷಗಟ್ಟಲೆ ಬಿಟ್ಟ ಕೈ ಯಾವುದು? ಅಂದಾಜುಪಟ್ಟಿ, ಮಂಜೂರಾತಿ, ಟೆಂಡರುಗಳ ನಡುವೆ ಅದು ಹಂಚಿಹೋಗಿರುತ್ತದೆ. ಪರಿಹಾರದ ದಾವೆಯಲ್ಲಿ ಇಲಾಖೆಯನ್ನು ಪ್ರತಿವಾದಿ ಮಾಡಬಹುದು. ಕಟಕಟೆಗೆ ತರುವುದು ಬಹಳ ದೂರದ ಮಾತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಗರಿಷ್ಠ ಶಿಕ್ಷೆಯನ್ನು 5 ವರ್ಷಕ್ಕೆ ಏರಿಸಿದೆ. ಅಪರಾಧದ ವ್ಯಾಖ್ಯೆ ಮಾತ್ರ ಬಹುಮಟ್ಟಿಗೆ 1870ರದ್ದೇ. ಅದಕ್ಕೆ ಕೆಲವೇ ತಿಂಗಳ ಮೊದಲು, 2023ರ ನವೆಂಬರಿನಲ್ಲಿ, ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಇದೇ ನಾಲೆಗೆ ಬಿದ್ದು ಐವರು ಸತ್ತಿದ್ದರು.