ತಲಪರಿಗೆಯ ಲೆಕ್ಕ

ಮಧುಗಿರಿ, ಕೊರಟಗೆರೆ, ಪಾವಗಡದ ಸೀಮೆಯವರಿಗೆ ‘ತಲಪರಿಗೆ’ ಎಂಬ ಮಾತು ಹೊಸದಲ್ಲ. ಹೊಳೆಯ ಮರಳನ್ನೋ ತಗ್ಗು ನೆಲವನ್ನೋ ತೋಡಿ, ಅಲ್ಲಿ ಜಿನುಗುವ ಒರತೆಯನ್ನು ಕಾಲುವೆಯಲ್ಲಿ ಗದ್ದೆಗೋ ಕೆರೆಗೋ ಹಾಯಿಸುವ ಏರ್ಪಾಟು ಅದು. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳವರೆಗೆ ಎಳೆದ ಗೆರೆಯ ಮೂಡಣಕ್ಕೆ ಈ ಒರತೆಗಳು ಹಬ್ಬಿವೆಯೆಂದು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಜೆಟಿಯರ್ ದಾಖಲಿಸಿದೆ.

ಒಣಸೀಮೆಯ ಹೊಳೆಗೆ ಎರಡು ಬಗೆಯ ನೀರು ಬರುತ್ತದೆ. ಮಳೆ ಸುರಿದಾಗ ನೆಲದ ಮೇಲೆ ಹರಿದು ಬರುವುದು ಒಂದು. ಇಂಗಿದ ನೀರು ತಿಂಗಳುಗಳ ಬಳಿಕ ದಡದಿಂದಲೂ ತಳದಿಂದಲೂ ಜಿನುಗುವುದು ಇನ್ನೊಂದು. ಈ ಎರಡನೆಯದನ್ನು ತಳಹರಿವು ಎನ್ನೋಣ. ದಿನದಿನದ ಹರಿವನ್ನು ಗೆರೆಯಾಗಿ ಬರೆದು, ನೆರೆಯ ಏರಿಳಿತವನ್ನು ಕಳೆದು ಉಳಿದುದನ್ನು ತಳಹರಿವೆಂದು ಜಲವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ನೆಲದಡಿಯ ನೀರಿನಲ್ಲಿ ಲವಣ ಹೆಚ್ಚು. ಆದ್ದರಿಂದ ಲವಣದ ಅಳತೆಯೂ ಇದಕ್ಕೆ ನೆರವಾಗುತ್ತದೆ. ಆದರೆ ವರ್ಷದ ಬಹುಭಾಗ ಮಾಪಕ ಸೊನ್ನೆಯನ್ನೇ ತೋರಿಸುವ ಹೊಳೆಯಲ್ಲಿ ಈ ವಿಧಾನ ಸೋಲುತ್ತದೆ. ಮರಳಿನ ಮೇಲೆ ಸೊನ್ನೆಯಿದ್ದರೂ ಒಂದು ಮೊಳ ಕೆಳಗೆ ನೀರಿರಬಹುದು. ಆ ನೀರನ್ನು ಕಂಡು ಬಳಸಿದವರು ತಲಪರಿಗೆಯನ್ನು ತೋಡಿದ ರೈತರು.

ಸರ್ಕಾರಗಳ ಲೆಕ್ಕ ಬೇರೆ ಬಗೆಯದಾಗಿತ್ತು. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಉತ್ತರ ಪಿನಾಕಿನಿಯೂ ಸೇರಿತ್ತು. ಮೈಸೂರು ಹೊಸ ಕೆರೆಗಳನ್ನೋ ಅಣೆಕಟ್ಟುಗಳನ್ನೋ ಕಟ್ಟುವ ಮುನ್ನ ಮದರಾಸಿನ ಒಪ್ಪಿಗೆ ಪಡೆಯಬೇಕೆಂಬುದು ಅದರ ತಿರುಳು. ಕೆಳಗಿನ ನಾಡಿನ ಪಾಲನ್ನು ಕಾಯಲು ಕೆರೆಗಳನ್ನು ಎಣಿಸಿದರೆ ಸಾಕೆಂಬ ನಂಬಿಕೆ ಅದರ ಹಿಂದೆ ಇತ್ತು. ಬಾವಿಗಳು ಆ ಎಣಿಕೆಯ ಹೊರಗೇ ಉಳಿದವು. ಕಪಿಲೆ ಬಾವಿಗಳ ಕಾಲದಲ್ಲಿ ಇದು ದೊಡ್ಡ ಲೋಪವಾಗಿ ಕಾಣಿಸಿರಲಾರದು. ವಿದ್ಯುತ್ ಪಂಪುಗಳೂ ಕೊಳವೆಬಾವಿಗಳೂ ಬಂದ ಮೇಲೆ ಲೆಕ್ಕವೇ ತಲೆಕೆಳಗಾಯಿತು. ಅಂತರ್ಜಲದ ಮಟ್ಟ ಹೊಳೆಯ ತಳಕ್ಕಿಂತ ಕೆಳಗಿಳಿದರೆ ನೆಲ ಹೊಳೆಗೆ ನೀರು ಕೊಡುವುದಿಲ್ಲ. ಹೊಳೆಯ ನೀರನ್ನೇ ಹೀರುತ್ತದೆ. ಹೊಸ ಕೆರೆಯೊಂದನ್ನೂ ಕಟ್ಟದೆ, ಒಪ್ಪಂದದ ಒಂದಕ್ಷರವನ್ನೂ ಮೀರದೆ, ಹೊಳೆಯನ್ನು ಬತ್ತಿಸಬಹುದು.

ಹೊರನಾಡಿನಲ್ಲಿರುವ ನಾವು ಊರಿಗೆ ಹೋಗುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಜಾತ್ರೆಗೋ ಮದುವೆಗೋ. ಈ ಸಲ ಹೋದಾಗ ಹಿರಿಯರ ಬಳಿ ಕುಳಿತು, ತಲಪರಿಗೆಯ ನೀರು ಯಾವ ತಿಂಗಳವರೆಗೆ ನಿಲ್ಲುತ್ತಿತ್ತು, ಯಾವ ವರ್ಷ ನಿಂತುಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ಮಾಪಕವಿಲ್ಲದ ಹೊಳೆಗಳ ಚರಿತ್ರೆಗೆ ಅವರ ನೆನಪೂ ಒಂದು ದಾಖಲೆ. ಅದೂ ಬತ್ತಿಹೋಗುವ ಮುನ್ನ ಈ ಕೆಲಸ ಆಗಬೇಕು.