ಶೌರ್ಯವಾಚಕಗಳ ಚರಿತ್ರೆ: ಇಂಗ್ಲಿಷಿನ ಕೆಲವು ಪದಗಳು

ಕನ್ನಡದ ‘ಕಲಿ’, ‘ಬೀರ’, ‘ಧೀರ’, ‘ಗಟ್ಟಿಗ’ ಎಂಬ ಪದಗಳನ್ನು ಇಂಗ್ಲಿಷಿಗೆ ತರುವಾಗ ಎಲ್ಲಕ್ಕೂ ‘ಬ್ರೇವ್’ ಅಥವಾ ‘ಹೀರೋ’ ಎಂದು ಬರೆದುಬಿಡುವುದು ಸುಲಭ. ಇಂಗ್ಲಿಷಿನ ‘ಕರೇಜ್’, ‘ವ್ಯಾಲರ್’, ‘ಫಾರ್ಟಿಟ್ಯೂಡ್’ಗಳಿಗೆ ಕನ್ನಡದಲ್ಲಿ ‘ಧೈರ್ಯ’ ಒಂದನ್ನೇ ಬಳಸುವುದೂ ಅಷ್ಟೇ ಸುಲಭ. ಆದರೆ ಇವು ಒಂದೇ ಅರ್ಥದ ಹಲವು ಹೆಸರುಗಳಲ್ಲ. ಒಂದೊಂದು ಪದವೂ ಒಂದೊಂದು ಕಾಲದ, ಒಂದೊಂದು ಸಮಾಜದ ಮೌಲ್ಯವನ್ನು ಹೊತ್ತು ಬಂದಿದೆ. ಯಾರ ಧೈರ್ಯವನ್ನು ಧೈರ್ಯವೆಂದು ಎಣಿಸಬೇಕು ಎಂಬ ತೀರ್ಮಾನವೂ ಆ ಪದಗಳೊಳಗೇ ಅಡಗಿದೆ.

ಇಂಗ್ಲಿಷಿನ ಪ್ರಾಚೀನ ಸ್ತರದಲ್ಲಿ ಮನಸ್ಸಿಗೂ ಧೈರ್ಯಕ್ಕೂ ‘ಮೋದ್’ ಎಂಬ ಒಂದೇ ಪದವಿತ್ತು. ಇಂದಿನ ‘ಮೂಡ್’ ಅದರದೇ ರೂಪ. ಈ ಪದವನ್ನು ಒಳಗೊಂಡ ‘ಓಫರ್‌ಮೋದ್’ ಎಂಬ ಸಮಾಸ ಒಂದು ದೀರ್ಘ ಚರ್ಚೆಗೆ ಕಾರಣವಾಗಿದೆ. ಕ್ರಿ.ಶ. 991ರಲ್ಲಿ ಎಸೆಕ್ಸ್ ಪ್ರಾಂತದ ಮಾಲ್ಡನ್ ಬಳಿ ವೈಕಿಂಗ್ ಪಡೆ ಬಂದಿಳಿಯಿತು. ನೀರಿಳಿತದ ವೇಳೆ ಮಾತ್ರ ತೆರೆದುಕೊಳ್ಳುವ ಕಿರಿದಾದ ದಾರಿಯೊಂದು ಆ ಪಡೆಗೂ ಇಂಗ್ಲಿಷ್ ನಾಯಕ ಬಿರ್ಹ್ಟ್‌ನೋತನ ಸೈನ್ಯಕ್ಕೂ ನಡುವೆ ಇತ್ತು. ಆ ದಾರಿಯನ್ನು ಕೆಲವೇ ಜನ ಕಾಯಬಹುದಿತ್ತು. ಆದರೂ ಶತ್ರುಗಳು ಕೇಳಿಕೊಂಡಾಗ ಬಿರ್ಹ್ಟ್‌ನೋತ ಅವರಿಗೆ ದಾಟಿ ಬರಲು ಎಡೆಮಾಡಿಕೊಟ್ಟ. ಯುದ್ಧದಲ್ಲಿ ತಾನೂ ಮಡಿದ. ಈ ಪ್ರಸಂಗದ ಕಾವ್ಯವು ಅವನ ನಡೆಗೆ ‘ಓಫರ್‌ಮೋದ್’ ಕಾರಣವೆನ್ನುತ್ತದೆ. ಇದನ್ನು ‘ಮಿಗಿಲಾದ ಧೈರ್ಯ’ ಎಂದು ಓದಿದರೆ ಕಾವ್ಯ ಪ್ರಶಸ್ತಿಯಾಗುತ್ತದೆ. ‘ಅಹಂಕಾರ’ ಎಂದು ಓದಿದರೆ ದಂಡನಾಯಕನ ಮೇಲಿನ ಆಪಾದನೆಯಾಗುತ್ತದೆ. 1953ರಲ್ಲಿ ಪ್ರಕಟವಾದ ಬರಹದಲ್ಲಿ ಜೆ.ಆರ್.ಆರ್. ಟೋಲ್ಕಿನ್ ಎರಡನೆಯ ಅರ್ಥವನ್ನೇ ಬಲವಾಗಿ ಪ್ರತಿಪಾದಿಸಿದರು. ಅನುಚರರ ಪ್ರಾಣ ತನ್ನ ಕೈಯಲ್ಲಿರುವಾಗ ನಾಯಕನು ಕೀರ್ತಿಗಾಗಿ ಸಾಹಸ ಮಾಡಬಾರದು ಎಂಬುದು ಅವರ ವಾದದ ತಿರುಳು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸಂದಿಗ್ಧತೆ ಹೊಸದಲ್ಲ. ಸಂಸ್ಕೃತದಲ್ಲಿ ‘ಛಲ’ ಎಂದರೆ ವಂಚನೆ, ಕಪಟ. ಕನ್ನಡದಲ್ಲಿ ಅದು ಹಿಡಿದದ್ದನ್ನು ಬಿಡದ ದೃಢತೆ. ಪಂಪನು ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ಪಾತ್ರಗಳಿಗೆ ಒಂದೊಂದು ಗುಣವನ್ನು ಸಲ್ಲಿಸುವಾಗ ದುರ್ಯೋಧನನ ಪಾಲಿಗೆ ಬಂದುದು ಈ ಛಲವೇ. ಅದನ್ನು ಮೆಚ್ಚಬೇಕೋ ಮರುಗಬೇಕೋ ಎಂಬ ಪ್ರಶ್ನೆಯೊಂದಿಗೇ ಓದುಗ ಕಾವ್ಯದಿಂದ ಹೊರಬರುತ್ತಾನೆ.

1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚ್ ಮೂಲದ ಪದಗಳು ಇಂಗ್ಲಿಷಿಗೆ ಹರಿದುಬಂದವು. ‘ಕರೇಜ್’ ಅಂಥದೊಂದು, ಹೃದಯವೆಂಬರ್ಥದ ಲ್ಯಾಟಿನ್ನಿನ ‘ಕೋರ್’ ಅದರ ಬೇರು. ಕನ್ನಡದ ‘ಎದೆಗಾರಿಕೆ’ಯ ಹಿಂದಿರುವುದೂ ಇದೇ ಕಲ್ಪನೆ. ‘ಕೆಚ್ಚೆದೆ’ಯಲ್ಲಿ ಮರದೊಳಗಿನ ಗಟ್ಟಿಯಾದ ಕೆಚ್ಚೂ ಬಂದು ಸೇರಿಕೊಂಡಿದೆ. ಇಂಗ್ಲಿಷು ಹೃದಯದಲ್ಲಿಯೇ ನಿಲ್ಲಲಿಲ್ಲ. 16ನೆಯ ಶತಮಾನದಲ್ಲಿ ‘ಸ್ಟಮಕ್’ ಎಂಬುದಕ್ಕೂ ಧೈರ್ಯವೆಂಬ ಅರ್ಥವಿತ್ತು. 1588ರಲ್ಲಿ ಟಿಲ್ಬರಿಯಲ್ಲಿ ಸೈನಿಕರನ್ನುದ್ದೇಶಿಸಿ ಮಾತನಾಡಿದ ಮೊದಲನೆಯ ಎಲಿಜಬೆತ್ ರಾಣಿ, ತನ್ನ ದೇಹ ಹೆಣ್ಣಿನದಾದರೂ ಹೃದಯ ಮತ್ತು ಜಠರ ಅರಸನವೆಂದು ಸಾರಿದಳೆಂಬುದು ಪ್ರಸಿದ್ಧ. ‘ಪ್ಲಕ್’ ಎಂದರೆ ಕಡಿದ ಪ್ರಾಣಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳು. 18ನೆಯ ಶತಮಾನದ ಮುಷ್ಟಿಯುದ್ಧದ ಆಡುನುಡಿಯಲ್ಲಿ ಅದು ಧೈರ್ಯದ ಹೆಸರಾಯಿತು. ಕರುಳೆಂಬರ್ಥದ ‘ಗಟ್ಸ್’ ಅದರ ನಂತರದ್ದು. ಆಸ್ಥಾನದ ‘ವ್ಯಾಲರ್’ ಒಂದೆಡೆಯಾದರೆ ಬೀದಿಯ ‘ಪ್ಲಕ್’ ಇನ್ನೊಂದೆಡೆ.

ಇಂದು ಅತಿ ಪರಿಚಿತವಾದ ‘ಬ್ರೇವ್’ ಫ್ರೆಂಚಿನ ಮೂಲಕ ಇಟಾಲಿಯನ್ ‘ಬ್ರಾವೊ’ದಿಂದ ಬಂದದ್ದು. ‘ಬ್ರಾವೊ’ ಎಂದರೆ ದಿಟ್ಟ. ಕೂಲಿಗೆ ಕೊಲೆ ಮಾಡುವವನಿಗೂ ಅದೇ ಹೆಸರಿತ್ತು. ಷೇಕ್ಸ್‌ಪಿಯರನ ಕಾಲದಲ್ಲಿ ‘ಬ್ರೇವ್’ ಎಂಬುದಕ್ಕೆ ಸೊಗಸಾದ, ವೈಭವಯುತವಾದ ಎಂಬ ಅರ್ಥವೂ ಇತ್ತು. ‘ದಿ ಟೆಂಪೆಸ್ಟ್’ ನಾಟಕದ ಮಿರಾಂಡ ಹೊಸ ಜಗತ್ತನ್ನು ಬಣ್ಣಿಸುವುದು ಈ ಅರ್ಥದಲ್ಲಿ. ಆಲ್ಡಸ್ ಹಕ್ಸ್‌ಲಿಯ 1932ರ ಕಾದಂಬರಿಯ ಶೀರ್ಷಿಕೆ ಅಲ್ಲಿಂದಲೇ ಬಂದಿರುವುದರಿಂದ ಅದನ್ನು ‘ಧೀರ’ ಎಂದು ಅನುವಾದಿಸಿದರೆ ವ್ಯಂಗ್ಯವೇ ಕಳೆದುಹೋಗುತ್ತದೆ.

ಇನ್ನೂ ಹಿಂದೆ ಸರಿದರೆ ಶೌರ್ಯವು ಗಂಡಸುತನದೊಂದಿಗೆ ಬೆಸೆದುಕೊಂಡಿರುವುದು ಕಾಣುತ್ತದೆ. ಗ್ರೀಕಿನಲ್ಲಿ ಧೈರ್ಯಕ್ಕೆ ‘ಆಂಡ್ರೇಯ’ ಎಂದು ಹೆಸರು. ಪುರುಷವಾಚಿಯಾದ ‘ಆನೇರ್’ ಅದರ ಮೂಲ, ಸಂಸ್ಕೃತದ ‘ನರ’ ಅದರ ಸಜಾತಿ. ಲ್ಯಾಟಿನ್ನಿನ ‘ವಿರ್’ ಎಂದರೂ ಗಂಡಸೇ. ಅದರಿಂದ ‘ವರ್ಚ್ಯು’ ಹುಟ್ಟಿತು. ಸಂಸ್ಕೃತದ ‘ವೀರ’ ಈ ‘ವಿರ್’ನ ಒಡಹುಟ್ಟು. ಕನ್ನಡದ ‘ಗಂಡುಗಲಿ’ಯೂ ಬೇರೆ ದಾರಿ ಹಿಡಿಯಲಿಲ್ಲ. ಹೀಗೆ ಪದದ ಮಟ್ಟದಲ್ಲಿಯೇ ಹೆಣ್ಣಿನ ಧೈರ್ಯ ಅಪವಾದವಾಯಿತು. ಎಲಿಜಬೆತ್ ಅರಸನ ಹೃದಯವನ್ನು ಕಡ ತರಬೇಕಾದುದು ಇದರಿಂದಲೇ.

ಆದರೆ ಇದಕ್ಕೆ ಎದುರಾದ ಇನ್ನೊಂದು ಧಾರೆಯೂ ಉಂಟು. ‘ಫಾರ್ಟಿಟ್ಯೂಡ್’ ಎಂಬುದನ್ನು ವಿವೇಚಿಸಿದ 13ನೆಯ ಶತಮಾನದ ತಾತ್ತ್ವಿಕ ಥಾಮಸ್ ಅಕ್ವಿನಾಸ್, ಆಕ್ರಮಣಕ್ಕಿಂತ ಸಹಿಸಿ ನಿಲ್ಲುವುದೇ ಅದರ ಪ್ರಧಾನ ಲಕ್ಷಣವೆಂದ. ಹೀಗಾದಾಗ ಆಯುಧವಿಲ್ಲದವರೂ ಧೀರರಾಗಬಲ್ಲರು. ಭಾರತದಲ್ಲಿ ವರ್ಧಮಾನನಿಗೆ ‘ಮಹಾವೀರ’ ಎಂಬ ಹೆಸರು ಸಂದಾಗಲೂ ರಣರಂಗದ ಪದವು ಇಂದ್ರಿಯಜಯದ ಕಡೆಗೆ ತಿರುಗಿತು.

ಪದದ ಆಯ್ಕೆಯ ಹೊಣೆ ಎಷ್ಟೆಂಬುದಕ್ಕೆ ವಿಕ್ಟೋರಿಯಾ ಕ್ರಾಸ್ ಪದಕ ನಿದರ್ಶನ. 1856ರಲ್ಲಿ ಈ ಪದಕ ಸ್ಥಾಪನೆಯಾಗುವಾಗ ‘ಧೀರರಿಗೆ’ ಎಂಬರ್ಥದ ಬರಹವನ್ನು ಸೂಚಿಸಲಾಗಿತ್ತು. ಹಾಗೆ ಬರೆದರೆ ಪದಕ ಪಡೆದವರಷ್ಟೇ ಧೀರರೆಂಬ ಭಾವನೆ ಬರುವುದೆಂದು ವಿಕ್ಟೋರಿಯಾ ರಾಣಿ ಆಕ್ಷೇಪಿಸಿ, ‘ಶೌರ್ಯಕ್ಕಾಗಿ’ ಎಂಬರ್ಥದ ‘ಫಾರ್ ವ್ಯಾಲರ್’ ಎಂಬುದನ್ನು ಆರಿಸಿದಳು. ಸೂಕ್ಷ್ಮವಾದ ವಿವೇಚನೆಯೇ ಸರಿ. ಆದರೆ ಅದೇ ಸಾಮ್ರಾಜ್ಯಕ್ಕಾಗಿ ಹೋರಾಡಿದ ಭಾರತೀಯ ಸಿಪಾಯಿಗಳಿಗೆ ಆ ಪದಕದ ಅರ್ಹತೆ ದೊರೆತದ್ದು 1911ರಲ್ಲಿ. ಬರಹವು ಯಾರನ್ನೂ ಹೊರಗಿಡಬಾರದೆಂಬ ಎಚ್ಚರವಿತ್ತು. ನಿಯಮ ಹೊರಗಿಟ್ಟವರ ಕುರಿತು ಆ ಎಚ್ಚರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೌನವಾಗಿತ್ತು. 1914ರಲ್ಲಿ ಬೆಲ್ಜಿಯಮ್ಮಿನ ರಣಭೂಮಿಯಲ್ಲಿ ತೋರಿದ ಸಾಹಸಕ್ಕಾಗಿ ಖುದಾದಾದ್ ಖಾನ್ ಅದನ್ನು ಪಡೆದ ಮೊದಲ ಭಾರತೀಯ ಸೈನಿಕರಾದರು. ಸ್ವತಂತ್ರ ಭಾರತವು 1950ರಲ್ಲಿ ತನ್ನ ಅತ್ಯುನ್ನತ ಯುದ್ಧಕಾಲೀನ ಶೌರ್ಯಪದಕಕ್ಕೆ ‘ಪರಮವೀರ ಚಕ್ರ’ವೆಂದು ಹೆಸರಿಟ್ಟಾಗ ‘ವಿರ್’ನ ಒಡಹುಟ್ಟಾದ ‘ವೀರ’ವೇ ಮರಳಿ ಬಂದಿತು.

ಶೌರ್ಯವಾಚಕವೊಂದನ್ನು ಅನುವಾದಿಸುವವನು ನಿಘಂಟು ಕೊಡುವ ಮೊದಲ ಅರ್ಥಕ್ಕೆ ತೃಪ್ತನಾಗಲಾಗದು. ಅದು ಮೆಚ್ಚುಗೆಯೋ ಆಕ್ಷೇಪವೋ, ಆಸ್ಥಾನದ್ದೋ ಬೀದಿಯದೋ, ಎರಗುವವನದೋ ತಾಳಿ ನಿಲ್ಲುವವಳದೋ ಎಂದು ಮೊದಲು ಕೇಳಿಕೊಳ್ಳಬೇಕು. ಮಾಲ್ಡನ್ನಿನ ನಾಯಕನ ಬಗೆಗಿನ ತೀರ್ಪು ಇಂದಿಗೂ ಒಂದು ಸಮಾಸಪದದ ಮೇಲೆಯೇ ನಿಂತಿದೆ.