ಚಳಿಗಾಲದಲ್ಲಿ ಬೆಟ್ಟ ಹತ್ತುವವರಿಗೆ ಮಾಹಿತಿ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಬೇಸಿಗೆಯಲ್ಲಿ ಇಲ್ಲಿನ ಬಂಡೆಬೆಟ್ಟಗಳನ್ನು ಹತ್ತುವುದು ಕಷ್ಟಸಾಧ್ಯವಾದ್ದರಿಂದ ಭಕ್ತಾದಿಗಳು, ಶಾಲಾ ಪ್ರವಾಸದ ವಿದ್ಯಾರ್ಥಿಗಳು, ಇತಿಹಾಸಾಸಕ್ತರು ಹಾಗೂ ಚಾರಣಿಗರು ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯನ್ನೇ ಆಯ್ದುಕೊಳ್ಳುತ್ತಾರೆ. ಇಲ್ಲಿ ಹಿಮ ಬೀಳುವುದಿಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಇರುವುದಿಲ್ಲ. ಆದಕಾರಣ ಚಳಿಗಾಲವು ನಿರಪಾಯದ ಕಾಲವೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಈ ಭಾವನೆಯಿಂದಲೇ ಹಲವರು ನೀರನ್ನು ಕಡಿಮೆ ಒಯ್ಯುತ್ತಾರೆ, ತಡವಾಗಿ ಹತ್ತಲು ಆರಂಭಿಸುತ್ತಾರೆ, ಹೊದಿಕೆಯಿಲ್ಲದೆ ಹೊರಡುತ್ತಾರೆ. ಈ ಭಾಗದ ಬೆಟ್ಟಗಳಲ್ಲಿ ಚಳಿಗಾಲದ ತೊಂದರೆಗಳು ಬಹುಮಟ್ಟಿಗೆ ಈ ಮೂರು ಕೊರತೆಗಳಿಂದಲೇ ಉಂಟಾಗುತ್ತವೆ. ಸಾರ್ವಜನಿಕರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ಬೆಟ್ಟಗಳ ಪರಿಚಯ

ಚಳ್ಳಕೆರೆ ತಾಲ್ಲೂಕು ಬಹುತೇಕ ಬಯಲುಸೀಮೆಯಾಗಿದ್ದು, ಅಲ್ಲಲ್ಲಿ ಬೋಳು ಗುಡ್ಡಗಳಿವೆ. ಉತ್ತರಕ್ಕೆ ಮೊಳಕಾಲ್ಮೂರು ತಾಲ್ಲೂಕನ್ನು ಪ್ರವೇಶಿಸಿದಂತೆ ಕಲ್ಲುಗುಂಡುಗಳ ಬೆಟ್ಟಸಾಲುಗಳು ಕಾಣಸಿಗುತ್ತವೆ. ಇವುಗಳಲ್ಲಿ ಜಟಿಂಗ ರಾಮೇಶ್ವರ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 3,470 ಅಡಿ ಎತ್ತರವಿದೆ. ರಾಮಾಯಣದ ಜಟಾಯುವಿನ ಕಥೆಯೊಂದಿಗೆ ಈ ಸ್ಥಳವನ್ನು ಜನರು ಜೋಡಿಸುತ್ತಾರೆ. ಮೊಳಕಾಲ್ಮೂರು ಪಟ್ಟಣದ ಸಮೀಪದ ನುಂಕೆಮಲೆ ಬೆಟ್ಟ ಹಾಗೂ ಸಿದ್ದಾಪುರದ ಬಳಿಯ ಬ್ರಹ್ಮಗಿರಿ ಸಹ ಹೆಚ್ಚು ಜನರು ಭೇಟಿ ನೀಡುವ ಸ್ಥಳಗಳಾಗಿವೆ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿರುವ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಬ್ರಹ್ಮಗಿರಿಯ ಶಾಸನಬಂಡೆಯನ್ನು ಸ್ಥಳೀಯರು ಅಕ್ಷರಗುಂಡು ಎಂದೂ ಜಟಿಂಗ ರಾಮೇಶ್ವರದ ಶಾಸನಬಂಡೆಯನ್ನು ಬಳೆಗಾರರ ಗುಂಡು ಎಂದೂ ಕರೆಯುತ್ತಾ ಬಂದಿದ್ದಾರೆ. ಶಾಸನ ನೋಡಲು ಬಂದವರು ಪೂರ್ವಸಿದ್ಧತೆಯಿಲ್ಲದೆಯೇ ಬೆಟ್ಟದ ತುದಿಯವರೆಗೂ ಹೋಗಿಬರಲು ಮುಂದಾಗುವುದರಿಂದ ಈ ಮಾಹಿತಿಯು ಅವರಿಗೂ ಅನ್ವಯಿಸುತ್ತದೆ.

2. ಚಳಿಗಾಲದ ಹವಾಮಾನ

ಅ) ಉಷ್ಣಾಂಶ: ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವು ಸಾಮಾನ್ಯವಾಗಿ 28ರಿಂದ 30 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕನಿಷ್ಠ ಉಷ್ಣಾಂಶವು 15ರಿಂದ 18 ಡಿಗ್ರಿ ಇರುತ್ತದೆ. ಆಕಾಶ ನಿರ್ಮಲವಾಗಿರುವ ರಾತ್ರಿಗಳಲ್ಲಿ ಇದು ಇನ್ನೂ ಕೆಳಗಿಳಿಯುವುದುಂಟು. ಗಾಳಿಯಲ್ಲಿ ತೇವಾಂಶ ಕಡಿಮೆಯಿರುವುದರಿಂದ ಹಗಲಿನಲ್ಲಿ ಕಾದ ಬಂಡೆಯು ಸೂರ್ಯಾಸ್ತದ ನಂತರ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹೀಗಾಗಿ ಮಧ್ಯಾಹ್ನ ಬೆವರಿದ ವ್ಯಕ್ತಿಯೇ ಕೆಲವೇ ಗಂಟೆಗಳಲ್ಲಿ ನಡುಗುವ ಸಂದರ್ಭ ಬರಬಹುದು.

ಆ) ಎತ್ತರ ಮತ್ತು ಚಳಿ: ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣಾಂಶವು ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ ಜಟಿಂಗ ರಾಮೇಶ್ವರದ ತುದಿಯು ಬಯಲಿಗಿಂತ ಹಗಲಿನಲ್ಲಿ ಸುಮಾರು 3 ಡಿಗ್ರಿ ತಂಪಾಗಿರುತ್ತದೆ. ಆದರೆ ಗಾಳಿಯಿಲ್ಲದ ರಾತ್ರಿಗಳಲ್ಲಿ ತಣ್ಣನೆಯ, ಭಾರವಾದ ಗಾಳಿಯು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ಬೆಟ್ಟದ ತುದಿಗಿಂತ ಬುಡದ ಕಣಿವೆಯೇ ಹೆಚ್ಚು ಚಳಿಯಾಗಿರುತ್ತದೆ. ರಾತ್ರಿ ತಂಗುವವರು ಹಳ್ಳದ ಪಾತ್ರವನ್ನು ಬಿಟ್ಟು, ಗಾಳಿಗೆ ಮರೆಯಿರುವ ಸ್ವಲ್ಪ ಎತ್ತರದ ಜಾಗವನ್ನು ಆಯ್ದುಕೊಳ್ಳುವುದು ಸೂಕ್ತ.

ಇ) ಗಾಳಿ: ಈ ಅವಧಿಯಲ್ಲಿ ಪೂರ್ವ ಮತ್ತು ಈಶಾನ್ಯ ದಿಕ್ಕಿನ ಒಣಗಾಳಿ ಬೀಸುತ್ತದೆ. ಬೆವರಿನಿಂದ ಒದ್ದೆಯಾದ ಬಟ್ಟೆಯ ಮೇಲೆ ಈ ಗಾಳಿ ತಗುಲಿದರೆ ದೇಹದ ಶಾಖ ಬೇಗನೆ ಕಡಿಮೆಯಾಗುತ್ತದೆ.

ಈ) ಮಂಜು ಮತ್ತು ಇಬ್ಬನಿ: ಮಳೆಯಾದ ಮರುದಿನಗಳಲ್ಲಿ ಮುಂಜಾನೆ ತಗ್ಗುಪ್ರದೇಶಗಳಲ್ಲಿ ಮಂಜು ಕವಿಯುವುದುಂಟು. ಸಾಮಾನ್ಯವಾಗಿ ಬಿಸಿಲೇರಿದಂತೆ ಇದು ಕರಗುತ್ತದೆ. ಇಬ್ಬನಿ ಆರುವವರೆಗೆ ಇಳಿಜಾರು ಬಂಡೆಗಳು ಜಾರುತ್ತವೆ.

ಉ) ಅಕಾಲಿಕ ಮಳೆ: ಡಿಸೆಂಬರ್ ಅಂತ್ಯದವರೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಹಾಗೂ ಚಂಡಮಾರುತಗಳ ಪರಿಣಾಮವಾಗಿ ಎರಡು ಮೂರು ದಿನ ಮೋಡ ಮತ್ತು ಮಳೆ ಬರುವ ಸಾಧ್ಯತೆಯಿದೆ. 2021ರ ನವೆಂಬರ್‌ನಲ್ಲಿ ರಾಜ್ಯದ ಬಹುಭಾಗದಲ್ಲಿ ಅಕಾಲಿಕ ಭಾರಿ ಮಳೆಯಾಯಿತು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದಿಂದಾಗಿ ದಕ್ಷಿಣ ಕರ್ನಾಟಕದ ಹಲವೆಡೆ ಮಳೆ ಸುರಿಯಿತು.

3. ಹಗಲಿನ ಬೆಳಕಿನ ಅವಧಿ

ಈ ಎರಡು ತಾಲ್ಲೂಕುಗಳಲ್ಲಿ ಸೂರ್ಯಾಸ್ತದ ಅಂದಾಜು ಸಮಯ ಈ ಕೆಳಕಂಡಂತಿದೆ.

- ನವೆಂಬರ್ ಕೊನೆಯ ವಾರ: ಸಂಜೆ 5-50 ಗಂಟೆ
- ಡಿಸೆಂಬರ್ ಮೂರನೇ ವಾರ: ಸಂಜೆ 6-00 ಗಂಟೆ
- ಜನವರಿ ಮಧ್ಯಭಾಗ: ಸಂಜೆ 6-10 ಗಂಟೆ

ಹಗಲು ಅತಿ ಚಿಕ್ಕದಾಗಿರುವುದು ಡಿಸೆಂಬರ್ 21ರ ಆಸುಪಾಸಿನಲ್ಲಾದರೂ, ಸೂರ್ಯನು ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯಲ್ಲಿ ಎಂಬುದನ್ನು ಗಮನಿಸತಕ್ಕದ್ದು. ಸೂರ್ಯಾಸ್ತದ ನಂತರ ದಾರಿ ಕಾಣುವಷ್ಟು ಬೆಳಕು ಉಳಿಯುವುದು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಮಾತ್ರ. ಬೆಟ್ಟದ ಪೂರ್ವಪಾರ್ಶ್ವದಲ್ಲಿ ನೆರಳು ಇನ್ನೂ ಮೊದಲೇ ಆವರಿಸುತ್ತದೆ. ಆದುದರಿಂದ ತುದಿ ತಲುಪಿರಲಿ ಅಥವಾ ತಲುಪದಿರಲಿ, ಮಧ್ಯಾಹ್ನ 3-30 ಗಂಟೆಯೊಳಗೆ ಇಳಿಯಲು ಆರಂಭಿಸುವುದು ಕ್ಷೇಮಕರ.

4. ಮುಖ್ಯ ಅಪಾಯಗಳು

1) ನಿರ್ಜಲೀಕರಣ: ಒಣಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಬೆಟ್ಟದ ಮೇಲಿನ ದೊಣೆಗಳ ನೀರನ್ನು ನಂಬಿ ಹೋಗಬಾರದು. ಜನವರಿಯ ವೇಳೆಗೆ ಬಹಳಷ್ಟು ದೊಣೆಗಳು ತಳ ಕಂಡಿರುತ್ತವೆ; ಉಳಿದ ನೀರು ಕುಡಿಯಲು ಯೋಗ್ಯವಾಗಿರುವುದಿಲ್ಲ. ಪಾಚಿಗಟ್ಟಿದ ದೊಣೆಯ ಅಂಚಿನಲ್ಲಿ ಜಾರಿ ಬಿದ್ದರೆ ಮೇಲೆ ಬರುವುದು ಕಷ್ಟ. ಮಕ್ಕಳನ್ನು ದೊಣೆಯ ಬಳಿ ಬಿಡತಕ್ಕದ್ದಲ್ಲ.

2) ಜಾರಿ ಬೀಳುವುದು: ಹಗಲಿನ ಬಿಸಿಲು ಹಾಗೂ ರಾತ್ರಿಯ ಚಳಿಯಿಂದ ಬಂಡೆಯ ಮೇಲ್ಪದರವು ಕಾಲಾಂತರದಲ್ಲಿ ಚಕ್ಕೆಯಾಗಿ ಏಳುತ್ತದೆ. ಇಂತಹ ಚಕ್ಕೆ ಅಥವಾ ಕಲ್ಲುಪುಡಿಯ ಮೇಲೆ ಕಾಲಿಟ್ಟಾಗ, ವಿಶೇಷವಾಗಿ ದಣಿದು ಇಳಿಯುವಾಗ, ಆಯ ತಪ್ಪುವ ಸಂಭವ ಹೆಚ್ಚು.

3) ಕಾಡುಪ್ರಾಣಿಗಳು: ನೆರೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕರಡಿಧಾಮವಿದ್ದು, ಈ ಇಡೀ ಬೆಟ್ಟಸಾಲು ಕರಡಿ ಮತ್ತು ಚಿರತೆಗಳ ನೆಲೆಯಾಗಿದೆ. ಕರಡಿಗಳು ಸಂಜೆಯಿಂದ ಮುಂಜಾನೆಯವರೆಗೆ ಓಡಾಡಿ ಹಗಲಿನಲ್ಲಿ ಕಲ್ಲುಗವಿಗಳಲ್ಲಿ ವಿಶ್ರಮಿಸುತ್ತವೆ. ಚಳಿಗಾಲವು ಅವು ಮರಿ ಹಾಕುವ ಕಾಲವೂ ಹೌದು. ಮರಿಯಿರುವ ತಾಯಿಕರಡಿಯು ಹಠಾತ್ತನೆ ಎದುರಾದ ಮನುಷ್ಯನ ಮೇಲೆ ಎರಗುತ್ತದೆ. ಗವಿ ಹಾಗೂ ಬಂಡೆಸಂದಿಗಳಿಗೆ ಇಣುಕಬಾರದು. ಗುಂಪಾಗಿ, ಮಾತನಾಡುತ್ತಾ ನಡೆಯಬೇಕು.

4) ಹಾವುಗಳು: ಚಳಿಗಾಲದ ಬೆಳಗಿನಲ್ಲಿ ಮಂಡಲದ ಹಾವು ಮುಂತಾದವು ಬಿಸಿಲು ಕಾಯಿಸಿಕೊಳ್ಳಲು ಬಂಡೆಯ ಮೇಲೆ ಮಲಗಿರುತ್ತವೆ. ಕೈ ಇಡುವ ಜಾಗವನ್ನು ನೋಡಿದ ನಂತರವೇ ಹಿಡಿದು ಹತ್ತಬೇಕು.

5) ಹೆಜ್ಜೇನು: ಕಡಿದಾದ ಬಂಡೆಗಳ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಗೆ, ಕಲ್ಲೆಸೆತ ಹಾಗೂ ಗಾಢ ಸುಗಂಧದಿಂದ ಜೇನು ಕೆರಳುತ್ತದೆ.

6) ಕಾಳ್ಗಿಚ್ಚು: ಜನವರಿಯ ನಂತರ ಹುಲ್ಲು ಸಂಪೂರ್ಣವಾಗಿ ಒಣಗುತ್ತದೆ. ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ಮನುಷ್ಯನ ಓಟಕ್ಕಿಂತಲೂ ವೇಗವಾಗಿ ಹಬ್ಬಬಲ್ಲದು. ಬೆಂಕಿ ಕಂಡಲ್ಲಿ ಮೇಲಕ್ಕೆ ಓಡದೆ ಪಕ್ಕಕ್ಕೆ ಸರಿದು ಹುಲ್ಲಿಲ್ಲದ ವಿಶಾಲವಾದ ಬೋಳುಬಂಡೆಯನ್ನು ಸೇರಬೇಕು. ಕರ್ನಾಟಕ ಅರಣ್ಯ ಅಧಿನಿಯಮ, 1963ರ ಮೇರೆಗೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

5. ಹೊರಡುವ ಮುನ್ನ

- ಭಾರತ ಹವಾಮಾನ ಇಲಾಖೆ ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮುನ್ಸೂಚನೆಯನ್ನು ನೋಡುವುದು.
- ತಲಾ ಕನಿಷ್ಠ 3 ಲೀಟರ್ ನೀರು, ಬೆಲ್ಲ, ಕಡಲೆಕಾಯಿ ಹಾಗೂ ಓಆರ್‌ಎಸ್ ಪುಡಿ ಇಟ್ಟುಕೊಳ್ಳುವುದು.
- ಮೊಬೈಲ್ ಬೆಳಕನ್ನೇ ನೆಚ್ಚದೆ ಪ್ರತ್ಯೇಕ ಟಾರ್ಚ್ ಒಯ್ಯುವುದು. ಬಂಡೆಗಳ ಮರೆಯಲ್ಲಿ ಮೊಬೈಲ್ ಸಂಪರ್ಕ ತಪ್ಪುವುದನ್ನೂ ನೆನಪಿನಲ್ಲಿಡುವುದು.
- ಒಂದು ಉಣ್ಣೆಯ ಹೊದಿಕೆ ಇಟ್ಟುಕೊಳ್ಳುವುದು. ಚಳ್ಳಕೆರೆ ಭಾಗದ ಕುರಿಗಾಹಿಗಳು ವರ್ಷವಿಡೀ ಹೆಗಲಮೇಲೆ ಕಂಬಳಿ ಹೊರುವುದರಲ್ಲಿ ಅನುಭವದ ವಿವೇಕವಿದೆ. ಹತ್ತಿಯ ಬಟ್ಟೆ ನೆನೆದರೆ ಬೆಚ್ಚಗಿಡುವುದಿಲ್ಲ. ಉಣ್ಣೆಯು ನೆನೆದರೂ ಶಾಖವನ್ನು ಒಂದು ಮಟ್ಟಿಗೆ ಉಳಿಸಿಕೊಳ್ಳುತ್ತದೆ. ಜೇನು ಎದ್ದಾಗ ಮುಖ ಮುಚ್ಚಿಕೊಳ್ಳಲೂ ಗಾಯಾಳುವನ್ನು ಹೊತ್ತು ತರಲೂ ಕಂಬಳಿ ಒದಗುತ್ತದೆ.
- ಹೋಗುವ ದಾರಿ ಹಾಗೂ ಹಿಂತಿರುಗುವ ಸಮಯವನ್ನು ಬುಡದ ಗ್ರಾಮದಲ್ಲಿ ಒಬ್ಬರಿಗಾದರೂ ತಿಳಿಸುವುದು. ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು.

6. ತುರ್ತು ಸಂದರ್ಭದಲ್ಲಿ

ದಾರಿ ತಪ್ಪಿ ಕತ್ತಲಾದಲ್ಲಿ ಇಳಿಯುವ ಪ್ರಯತ್ನ ಮಾಡದೆ, ಗಾಳಿಯ ಮರೆಯಲ್ಲಿ ಎಲ್ಲರೂ ಒಟ್ಟಾಗಿ ಕುಳಿತು ಬೆಳಗಾಗುವವರೆಗೆ ಕಾಯುವುದು ಉತ್ತಮ. ಎಡೆಬಿಡದ ನಡುಕ, ತೊದಲು ಮಾತು, ತಪ್ಪು ಹೆಜ್ಜೆ ಕಂಡುಬಂದರೆ ದೇಹದ ಶಾಖ ಕುಸಿಯುತ್ತಿದೆ ಎಂದು ತಿಳಿಯಬೇಕು. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಎಚ್ಚರವಿದ್ದಲ್ಲಿ ಬಿಸಿಯಾದ ಸಿಹಿ ಪಾನೀಯ ಕೊಡಬೇಕು, ಮದ್ಯ ಕೊಡಬಾರದು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಶೀಘ್ರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ಹವೆ ಕೆಟ್ಟಾಗ ಅನುಭವಿಗಳೂ ಸಂಕಷ್ಟಕ್ಕೆ ಸಿಲುಕುತ್ತಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ತೆರಳಿದ್ದ ಬಹುತೇಕ ಕರ್ನಾಟಕದವರೇ ಇದ್ದ 22 ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿ, 9 ಮಂದಿ ಮೃತಪಟ್ಟರು. ನಮ್ಮ ಬೆಟ್ಟಗಳು ಅಷ್ಟು ಎತ್ತರದವಲ್ಲ. ಆದರೆ ಬೆಟ್ಟವು ಮರುದಿನವೂ ಅಲ್ಲಿಯೇ ಇರುತ್ತದೆ, ಹಿಂತಿರುಗುವುದರಲ್ಲಿ ಸೋಲಿಲ್ಲ ಎಂಬ ಮಾತು ಎಲ್ಲ ಬೆಟ್ಟಗಳಿಗೂ ಸಲ್ಲುತ್ತದೆ.

ಸಹಾಯಕ್ಕಾಗಿ ಕರೆ ಮಾಡಬೇಕಾದ ಸಂಖ್ಯೆಗಳು:

- ಪೊಲೀಸ್, ಅಗ್ನಿಶಾಮಕ ಹಾಗೂ ಇತರೆ ತುರ್ತು ಸೇವೆ: 112
- ಆಂಬ್ಯುಲೆನ್ಸ್: 108
- ಅರಣ್ಯ ಇಲಾಖೆ ಸಹಾಯವಾಣಿ: 1926

ಸಾರ್ವಜನಿಕರು ಮೇಲ್ಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸಿ, ನೀರು, ಬೆಳಕು ಮತ್ತು ಹೊದಿಕೆ ಈ ಮೂರನ್ನೂ ಖಚಿತಪಡಿಸಿಕೊಂಡ ನಂತರವೇ ಬೆಟ್ಟ ಹತ್ತಬೇಕೆಂದು ಕೋರಲಾಗಿದೆ.